ಸೈಲೆನ್ಸರಿಗೆ ಕಟ್ಟಿದ ಉಣ್ಣೆ ಹಾಸು

ಕೊಚ್ಕೋರ್
ಸೆಪ್ಟೆಂಬರ್ 9

ಪ್ರೀತಿಯ ಕಲಿಪಾ,

ತಿರುವಿನಲ್ಲಿ ರೆಕ್ಕೆ ವಾಲಿಸುವುದನ್ನು ಹದ್ದುಗಳಿಗೆ ಕಲಿಸಿಕೊಟ್ಟ, ನಲವತ್ತು ವರ್ಷದಲ್ಲಿ ಒಂದು ಸಲವೂ ಗಾಡಿ ಕೆಟ್ಟು ದಾರಿಯಲ್ಲಿ ನಿಲ್ಲದ ನಿನ್ನ ಸೋದರಮಾವ ಸಗಿನ್‌ಬಾಯ್ ಮಾಡುವ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ, ನಿನ್ನ ಅತ್ತೆ ಕ್ಷೇಮ, ಕುದುರೆಗಳೂ ಕ್ಷೇಮ. ಗಾಡಿಯ ಕ್ಷೇಮ ಮುಂದೆ ಬರುತ್ತದೆ, ಅವಸರ ಮಾಡಬೇಡ.

ನಿನ್ನ ಕಾಗದ ಬಂತು. ಕಾಗದವೇನು ಬಂತು, ಒಂದೇ ಸಾಲು! “ಮಾವ, ಅಕ್ಕನ ಮಗಳ ಹಕ್ಕು ಕೇಳ್ತಿದ್ದೀನಿ. ಗಾಡಿ ಕೀ ಕಳಿಸಿಕೊಡಿ.” ಬದುಕಿದ್ದೀರಾ ಅಂತ ಕೂಡ ಕೇಳಿಲ್ಲ. ಅಕ್ಕನ ಮಕ್ಕಳು ಬರುವುದಕ್ಕಿಂತ ಏಳು ತೋಳ ಬರುವುದು ವಾಸಿ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ ನೋಡು. ತೋಳ ಬರೀ ಕುರಿ ಒಯ್ಯುತ್ತದೆ. ಅಕ್ಕನ ಮಗಳು ಬಾಯಿಬಿಟ್ಟು ಕೇಳಿದ್ದನ್ನೆಲ್ಲ ಒಯ್ಯುತ್ತಾಳೆ, ಸೋದರಮಾವ ಇಲ್ಲ ಅನ್ನುವ ಹಾಗಿಲ್ಲ. ಏಳು ವರ್ಷಕ್ಕೆ ನನ್ನ ಕಂದು ಕುದುರೆಮರಿ ಕೇಳಿದೆ, ಕೊಟ್ಟೆ. ಹತ್ತೊಂಬತ್ತಕ್ಕೆ ನನ್ನ ಪಾನಾ ಪೆಟ್ಟಿಗೆ ಕೇಳಿದೆ, ಹಲ್ಲು ಕಚ್ಚಿಕೊಂಡು ಕೊಟ್ಟೆ. ಈಗ ಕೀ ಕೇಳುತ್ತೀಯ. ಕೊಡುವುದಿಲ್ಲ. ಗಾಡಿ ಓಡಿಸುವುದನ್ನು ನನ್ನಿಂದ ಬಿಡಿಸಲು ಹುಟ್ಟಿದವರು ಈ ಕಣಿವೆಯಲ್ಲಿ ಯಾರೂ ಇಲ್ಲ.

ಆಗಸ್ಟಿನಲ್ಲಿ ಘಾಟಿಯಲ್ಲಿ ನಡೆದದ್ದನ್ನು ಯಾರೋ ಬಸ್ಸಿನಲ್ಲಿ ಕರಾಕೋಲ್‌ವರೆಗೂ ಹೊತ್ತು ತಂದು ನಿನ್ನ ವರ್ಕ್‌ಶಾಪಿನ ಬಾಗಿಲಿಗೆ ಸುರಿದಿದ್ದಾರೆ ಅಂತ ಕಾಣುತ್ತದೆ. ಅವರು ಉಪ್ಪುಖಾರ ಹಚ್ಚಿರುತ್ತಾರೆ. ನಾನು ಹೇಳುವುದು ಕೇಳು.

ಮೇ ತಿಂಗಳಲ್ಲಿ ನಾನು ಗಾಡಿಯನ್ನು ಒಂದು ಗೇಣು ಎತ್ತರಿಸಿದೆನಲ್ಲ, ಕುರಿ ತಲೆ ತಗ್ಗಿಸದೆ ಅಡಿಯಿಂದ ಹಾಯಬೇಕು ಅಂತ? ನೀನು ನೋಡಲು ಬಂದೆ. ಅಡಿಗೆ ನುಸುಳಿ, ಹಣೆಗೆ ಮಸಿ ಮೆತ್ತಿಕೊಂಡು ಹೊರಗೆ ಬಂದು, ಸ್ಟ್ಯಾಂಡಿನ ಡ್ರೈವರುಗಳೆಲ್ಲರ ಮುಂದೆ ಹೇಳಿದೆ: “ಮಾವ, ಬಾಡಿ ಮೇಲೆ ಹೋಯ್ತು, ಆಕ್ಸಲ್ ಹಿಡಿಯೋ ತೋಳು ವಾರೆಯಾಯ್ತು. ಅದರ ರಬ್ಬರ್ ಬುಷ್ ಈಗ ಸೈಲೆನ್ಸರ್ ಪೈಪಿಗೆ ಎರಡೇ ಬೆರಳು ದೂರ. ಘಾಟಿ ಹತ್ತುವಾಗ ಪೈಪು ಕಾದು ಕೆಂಪಾಗುತ್ತೆ, ಬುಷ್ ಬೆಂದುಹೋಗುತ್ತೆ. ಪೈಪಿನ ದಾರಿ ಬದಲಿಸಿ ಮಧ್ಯೆ ತಗಡು ಕೊಡ್ತೀನಿ. ಎರಡು ದಿನ ಬಿಡಿ.” ಅದಕ್ಕೆ ನಾನು, “ಎರಡು ದಿನ ಬಿಟ್ರೆ ಇವಳು ಗಾಡಿಗೆ ಲಂಗ ಹೊಲಿದು ತೊಡಿಸ್ತಾಳೆ ಕಣ್ರೋ” ಅಂದೆ. ಜೋಲ್ಚು ಎಷ್ಟು ನಕ್ಕನೆಂದರೆ ಕುಡಿದ ಚಹಾ ಮೂಗಿನಲ್ಲಿ ಬಂತು. ನೀನು ಕೈ ಒರೆಸಿಕೊಂಡೆ, ಬಟ್ಟೆಯನ್ನು ಬಾನೆಟ್ ಮೇಲೆ ಮಡಿಸಿಟ್ಟೆ, ಬಸ್ ಹತ್ತಿದೆ. ಅಂದಿನಿಂದ ಈ ಒಂದು ಸಾಲು ಬಿಟ್ಟರೆ ಮಾತಿಲ್ಲ.

ನಿನ್ನ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ನಿನ್ನ ಅತ್ತೆಯ ಹಳೇ ಉಣ್ಣೆ ಹಾಸಿನಿಂದ ಮೊಳ ಉದ್ದ ಕತ್ತರಿಸಿ, ಬುಷ್ಷಿಗೂ ಪೈಪಿಗೂ ನಡುವೆ ತುರುಕಿ, ತಂತಿಯಲ್ಲಿ ಬಿಗಿದೆ. ಬಡಿದು ಮಾಡಿದ ಉಣ್ಣೆ ನಮ್ಮ ಗುಡಾರವನ್ನೇ ಬಿಸಿಲು ಹಿಮದಿಂದ ಕಾಯುತ್ತದೆ, ಮುಷ್ಟಿಯಷ್ಟು ರಬ್ಬರನ್ನು ಕಾಯಲಾರದೇ? ಹಾಗೆ ಯೋಚಿಸಿದೆ. ತಲೆ ಇದ್ದವರು ಹಾಗೇ ಯೋಚಿಸುತ್ತಾರೆ.

ಆವತ್ತು ಗಾಡಿಯಲ್ಲಿ ಪ್ರವಾಸಕ್ಕೆ ಬಂದ ಪೋಲೆಂಡಿನ ಗಂಡ ಹೆಂಡತಿ, ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚದ ಒಬ್ಬ ಮುದುಕಿ. ಕಲ್ಮಕ್ ಘಾಟಿ, ಮೊದಲ ಗೇರು, ಗಾಳಿಯ ಸುಳಿವಿಲ್ಲ. ಅರ್ಧ ಏರಿದ್ದೇವೆ, ಮೂಗಿಗೆ ಬಂತು ನೋಡು, ಉಣ್ಣೆ ಸುಟ್ಟ ವಾಸನೆ! ನಮ್ಮವರ ಹೊಟ್ಟೆಯಲ್ಲಿ ಹುಟ್ಟಿದವನು ಏನೆಂದುಕೊಂಡಾನು? ಯಾರದೋ ಗುಡಾರಕ್ಕೆ ನೆಂಟರು ಬಂದಿದ್ದಾರೆ, ಕುರಿ ಕಡಿದಿದ್ದಾರೆ, ತಲೆ ಸುಡುತ್ತಿದ್ದಾರೆ. ನಾನು ಪೋಲೆಂಡಿನವರಿಗೆ ಕೈಸನ್ನೆಯಲ್ಲೇ, ಇವತ್ತು ಊಟ ಅಲ್ಲೇ, ಕುರಿಯ ಕಿವಿ ನಿಮಗೆ ಅಂತ ತಿಳಿಸಿದೆ. ಅವರು ಹೆದರಿದರು.

ಮುದುಕಿ, “ಲೋ, ಈ ಎತ್ತರದಲ್ಲಿ ಒಂದು ಗುಡಾರ ಇಲ್ಲ, ಒಂದು ನಾಯಿ ಬೊಗಳ್ತಿಲ್ಲ, ಕುರಿ ಏನು ಆಕಾಶದಿಂದ ಬಿತ್ತಾ?” ಅಂದಳು. ಮುಂದಿನ ತಿರುವಿನಲ್ಲಿ ಇರುತ್ತೆ ಸುಮ್ಮನಿರು ಅಂದೆ. ತಿರುವು ಕಳೆದಂತೆಲ್ಲ ವಾಸನೆ ಜಾಸ್ತಿ. ಹತ್ತಿರ ಬಂದೆವು ಅಂತ ನಾನು ಇನ್ನೂ ತುಳಿದೆ. “ದೊಡ್ಡ ಮನೆಯವರು ಕಣೇ, ಎರಡು ತಲೆ ಸುಡ್ತಿರಬೇಕು” ಅಂದರೆ, “ಒಂದು ತಲೆ ಯಾವುದು ಅಂತ ನಂಗೆ ಗೊತ್ತು, ಸ್ಟಿಯರಿಂಗ್ ಹಿಡ್ಕೊಂಡು ಕೂತಿದೆ” ಅಂದಳು.

ನೆತ್ತಿ ದಾಟಿ ಇಳಿಯುವಾಗ ಬ್ರೇಕ್ ಒತ್ತಿದೆ. ಅಡಿಯಲ್ಲಿ ಠಣ್ ಅಂತು. ಹಿಂದಿನ ಆಕ್ಸಲ್ ಪಕ್ಕಕ್ಕೆ ಜರುಗಿತು, ಗಾಡಿ ನನ್ನನ್ನು ಕೇಳದೆ ಮೂತಿಯನ್ನು ಪ್ರಪಾತದ ಕಡೆ ತಿರುಗಿಸಿತು. ನಿಂತಾಗ ಮುಂದಿನ ಚಕ್ರಕ್ಕೂ ಅಂಚಿಗೂ ಒಂದು ಗೇಣು. ನಾನು ಎತ್ತರಿಸಿದ್ದೂ ಒಂದು ಗೇಣು, ಉಳಿದದ್ದೂ ಒಂದು ಗೇಣು.

ಇಳಿದು ಅಡಿಗೆ ಬಗ್ಗಿ ನೋಡಿದೆ. ಉಣ್ಣೆ ಕರಕಲಾಗಿತ್ತು. ಚಹಾದ ಕುಡಿಕೆಗೆ ಹೊದಿಸಿದ ಬಟ್ಟೆಯ ಹಾಗೆ ಅದು ಬಿಸಿಯನ್ನು ಹೊರಗೆ ಬಿಡದೆ ಬುಷ್ಷಿನ ಮೇಲೇ ಹಿಡಿದಿಟ್ಟಿತ್ತು. ರಬ್ಬರ್ ಅರ್ಧ ತೊಟ್ಟಿಕ್ಕಿ ಹೋಗಿತ್ತು, ಉಳಿದದ್ದು ನನ್ನ ಅಂಗೈಯಲ್ಲಿ ಒಣಮೊಸರಿನ ಉಂಡೆಯಂತೆ ಪುಡಿಯಾಯಿತು. ಪೋಲೆಂಡಿನವರು ಚೀಲ ಹೊತ್ತು ನಡೆದು ಇಳಿದರು. ನಷ್ಟ ಅಂಥದ್ದೇನಿಲ್ಲ, ಎಂಟುನೂರು ಸೋಮ್ ಅಷ್ಟೇ.

ಈಗ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಬುದ್ಧಿ ಬಂದಿದೆ. ಒಬ್ಬ ಗಾಡಿ ತಗ್ಗಿಸು ಅನ್ನುತ್ತಾನೆ, ಇನ್ನೊಬ್ಬ ಮಾರು ಅನ್ನುತ್ತಾನೆ. ಜೋಲ್ಚು ಬಂದು, “ಮುದಿಯಾ, ಬುಷ್ ನಾನು ಹಾಕಿಕೊಡ್ತೀನಿ, ಹುಡುಗಿಯರ ಕೈಗೆ ಬಿಟ್ರೆ ಹೀಗೇ ಆಗೋದು” ಅಂದ. ಕುದುರೆ ಚಾಟಿ ತೆಗೆದುಕೊಂಡೆ. “ಅವಳ ಕೈಗೆ ಬಿಡದೇ ಇದ್ದಿದ್ದಕ್ಕೇ ಹೀಗಾಗಿದ್ದು ಕಣೋ! ಎರಡು ಬೆರಳು ಅಂದಳು. ಅಳೆದು ನೋಡಿದೀನಿ, ಎರಡೇ ಬೆರಳು. ಅವತ್ತು ಹಲ್ಲು ಕಿಸಿದೋರಲ್ಲಿ ಒಬ್ಬನಾದ್ರೂ ಅಡಿಗೆ ನುಸುಳಿ ನೋಡಿದ್ನಾ?” ಅಂದೆ. ಎಲ್ಲರಿಗಿಂತ ಮೊದಲು ಹಲ್ಲು ಕಿಸಿದವನು ನಾನೇ ಅಂತ ಯಾರಾದರೂ ಅಂದಿದ್ದರೆ ಚಾಟಿ ಕೆಳಗಿಡುತ್ತಿದ್ದೆ. ಯಾರೂ ಅನ್ನಲಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಗಾಡಿ ತಗ್ಗಿಸುವುದಿಲ್ಲ. ಮಾರುವುದಿಲ್ಲ. ಬೇರೆಯವರ ಪಾನಾ ಅದಕ್ಕೆ ತಾಗಲು ಬಿಡುವುದಿಲ್ಲ. ಅಂಗಳದಲ್ಲಿ ಕಲ್ಲುಗಳ ಮೇಲೆ ನಿಂತಿದೆ, ಕೋಳಿಗಳು ಅಡಿಯಲ್ಲಿ ಮಲಗುತ್ತವೆ. ಕೀ ಬಾಗಿಲ ಪಕ್ಕದ ಮೊಳೆಯಲ್ಲಿದೆ, ನೀನು ಬಿಟ್ಟುಹೋದ ಬಟ್ಟೆಯೂ ಅಲ್ಲೇ ಇದೆ. ಅಕ್ಕನ ಮಗಳ ಹಕ್ಕನ್ನು ಅಂಚೆಯಲ್ಲಿ ಕೇಳುವುದು ಯಾವ ಪದ್ಧತಿ? ಹೊಸಿಲು ದಾಟಿ ಬರಬೇಕು, ರೊಟ್ಟಿ ಮುರಿಯಬೇಕು, ಮುಖ ನೋಡಿ ಕೇಳಬೇಕು. ಬಾ. ತಗಡು ತಾ. ಎರಡು ದಿನವಲ್ಲ, ಹತ್ತು ದಿನ ತಗೋ. ರಿಪೇರಿ ಮುಗಿದ ಮೇಲೂ ಕೀ ಬೇಕು ಅನ್ನಿಸಿದರೆ ಕೇಳು. ಆಗಲೂ ಕೊಡುವುದಿಲ್ಲ ಅಂತಲೇ ನನ್ನ ಹಟ, ನೋಡೋಣ ಯಾರು ಗೆಲ್ಲುತ್ತಾರೆ.

ಯಾರಿಗೂ ತಲೆ ಬಾಗದ, ಗಾಡಿಯನ್ನೂ ತಗ್ಗಿಸದ,
ನಿನ್ನ ಸೋದರಮಾವ
ಸಗಿನ್‌ಬಾಯ್

ತಾ.ಕ.: ಹಿಂದಿನ ಸೀಟಿನ ಮುದುಕಿ ನಿನ್ನ ಅಮ್ಮ. ಬೇರೆ ಯಾರಿಗಿದೆ ನನ್ನನ್ನು ಹಾಗೆ ಅನ್ನುವ ಧೈರ್ಯ? ನಾನಾಗಿ ಹೇಳುವವರೆಗೆ ನಿನಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದಳು, ಅದಕ್ಕೇ ಹೇಳಿಲ್ಲ. ಚಕ್ರ ನಿಂತ ಮೇಲೆ ಅಕ್ಕ ಬೈಯಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇನ್ನೊಂದು. ಎಂಟುನೂರು ಆಗಿದ್ದು ಗಾಡಿಯನ್ನು ಅಂಚಿನಿಂದ ಹಿಂದಕ್ಕೆ ಎಳೆದವರ ಚಹಾ ರೊಟ್ಟಿಗೆ. ಪೋಲೆಂಡಿನವರು ಹತ್ತು ದಿನಕ್ಕೆ ಮುಂಗಡ ಕೊಟ್ಟಿದ್ದನ್ನೆಲ್ಲ ಹಿಂದಿರುಗಿಸಿದೆ, ಊರಿಗೆ ಎಳೆದು ತಂದ ಲಾರಿಗೂ ಕೊಟ್ಟೆ. ನಿನ್ನ ಅತ್ತೆಗೆ ಆರು ಸಾವಿರ ಅಂದಿದ್ದೇನೆ. ನಿನಗೊಬ್ಬಳಿಗೇ ನಿಜ ಹೇಳುತ್ತೇನೆ: ಅರವತ್ತೊಂದು ಸಾವಿರದ ನಾನೂರು ಸೋಮ್.