ಕೈ ಒಳಗೆ

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೇ? ಊರೂರಿನ ನರ್ಸುಗಳೆಲ್ಲ ಸೇರಿರುವ ತರಬೇತಿಯಲ್ಲಿ ನಿನ್ನ ಕೆಮ್ಮಿಗೊಂದು ಮದ್ದು ಕೊಡುವವರಿಲ್ಲವೇ ಎಂದು ನಿನ್ನಮ್ಮ ಗೊಣಗುತ್ತಿದ್ದಾಳೆ. ಬಿಸಿನೀರು ಕುಡಿ, ಫ್ಯಾನಿನ ಕೆಳಗೆ ಮಲಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕೆಂದಿದ್ದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಮೆಟ್ಟಿಲಲ್ಲಿ ಜಾರಿ ಬಿದ್ದು ಕೈಗೆ ಪೆಟ್ಟಾಯಿತೆಂದು ನಿನ್ನ ಪುಟ್ಟಿ ನಿನ್ನೆ ಫೋನಿನಲ್ಲಿ ಹೇಳಿದಳಲ್ಲ, ಅದು ನಿಜವಲ್ಲ. ಪೆಟ್ಟಾದದ್ದು ನನ್ನಿಂದ. ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ, ಎಕ್ಸ್‌ರೇ ನೋಡಿಯೇ ಡಾಕ್ಟರು ಹೇಳಿದರು.

ಪುಟ್ಟಿಯನ್ನು ಕಾರಿನಲ್ಲಿ ಶಾಲೆಗೆ ಬಿಡುವ ದಾರಿಯ ಆ ದೊಡ್ಡ ಸಿಗ್ನಲ್ಲು ನಿನಗೆ ಗೊತ್ತಲ್ಲ. ಹಸಿರು ಬಂದು ಮುಂದಿನವನು ಗೇರು ಹಾಕುವಷ್ಟರಲ್ಲಿ ಮತ್ತೆ ಕೆಂಪು. ಹಿಂದಿನವನಿಗೆ ಹಾರ್ನ್ ಬಿಟ್ಟರೆ ಬೇರೆ ಭಾಷೆಯೇ ಬರುವುದಿಲ್ಲ. ಅಲ್ಲಿ ನಿಂತು ನಿಂತು ರೋಸಿಹೋಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಬಲಕ್ಕೆ ತಿರುಗುವವರ ಸಾಲು ಯಾವಾಗಲೂ ಖಾಲಿ. ಅದರಲ್ಲಿ ಜೋರಾಗಿ ಮುಂದೆ ಹೋಗಿ, ಕೊನೆಗೆ ಎಡಕ್ಕೆ ನುಸುಳಿ ನೇರ ಹೋಗುವವರ ನಡುವೆ ಸೇರಿಕೊಳ್ಳುವುದು. ಇಂಡಿಕೇಟರ್ ಹಾಕಿದರೆ ಯಾವ ಪುಣ್ಯಾತ್ಮನೂ ಜಾಗ ಬಿಡುವುದಿಲ್ಲ. ಒಂದು ದಿನ ಪುಟ್ಟಿ ಹಿಂದಿನ ಸೀಟಿನಿಂದ ಸುಮ್ಮನೆ ಯಾರಿಗೋ ಕೈಬೀಸಿದಳು ನೋಡು, ಲಾರಿಯವನೂ ನಕ್ಕು ನಿಂತುಬಿಟ್ಟ! ಅವತ್ತಿನಿಂದ ಅದೇ ಅಭ್ಯಾಸವಾಯಿತು. ನಾನು “ಪುಟ್ಟಿ, ಕೈ!” ಅನ್ನುವುದು, ಅವಳು ಎಡಗಡೆ ಕಿಟಕಿಯಿಂದ ಕೈ ಚಾಚುವುದು. ಮಗುವಿನ ಕೈ ನೋಡಿ ಎಂಥವನೂ ಬ್ರೇಕ್ ಹಾಕುತ್ತಿದ್ದ. ನಾವಿಬ್ಬರೂ ಗೆದ್ದವರ ಹಾಗೆ ನಗುತ್ತಿದ್ದೆವು.

ಬದುಕೆಲ್ಲ ಬಸ್ಸು ಓಡಿಸಿದವನು ನಾನು. “ಕೈ ಒಳಗೆ ಹಾಕ್ರೀ!” ಎಂದು ಪ್ರಯಾಣಿಕರ ಮೇಲೆ ಕಿರುಚಿ ಕಿರುಚಿ ಡಿಪೋದಲ್ಲಿ ನನಗೆ ‘ಕೈ ಒಳಗೆ’ ಎಂದೇ ಹೆಸರು ಬಿದ್ದಿತ್ತು. ಚಿಕ್ಕವಳಿದ್ದಾಗ ನೀನೂ ಆ ಹೆಸರು ಹಿಡಿದು ನನ್ನನ್ನು ರೇಗಿಸುತ್ತಿದ್ದೆ. ಅಂಥ ನಾನೇ ಮೊಮ್ಮಗಳ ಕೈಯನ್ನು ಹೊರಗೆ ಹಾಕಿಸಿದೆ. ಮಂಗಳವಾರ ಸಂದಿಯಲ್ಲಿ ಬಂದ ಸ್ಕೂಟರಿನ ಕನ್ನಡಿ ಅವಳ ಮಣಿಕಟ್ಟಿಗೆ ಬಡಿಯಿತು. ಅವಳು ಚೀರಿದ್ದು ಇನ್ನೂ ಕಿವಿಯಲ್ಲಿದೆ. ನಾನು ಇಳಿದವನೇ ಮಾಡಿದ್ದೇನು ಗೊತ್ತೇ? ಆ ಸ್ಕೂಟರಿನವನ ಕೊರಳಪಟ್ಟಿ ಹಿಡಿದು “ಕಣ್ಣು ಕಾಣಲ್ವೇನೋ?” ಎಂದು ಕೂಗಾಡಿದೆ. ಪಾಪ, ಅವನು “ಮಗು ಕೈ ಯಾಕ್ ಸಾರ್ ಹೊರಗಿತ್ತು?” ಅಂದ. ಅಷ್ಟೇ. ಸುತ್ತ ನಿಂತಿದ್ದವರೆಲ್ಲರ ಎದುರು ಅವನ ಕೊರಳಪಟ್ಟಿ ಬಿಟ್ಟುಬಿಟ್ಟೆ. ನಾಚಿಕೆಯಿಂದ ಸತ್ತುಹೋದೆ ಕಣಮ್ಮಾ.

ಪೆಟ್ಟಾದದ್ದು ಎಡಗೈಗೆ, ಅವಳು ಬರೆಯುವ ಕೈಗೇ. ಊತ ಇಳಿಯುತ್ತಿದೆ. ಕಾರಿನ ಕೀಲಿಯನ್ನು ನಿನ್ನಮ್ಮನಿಗೆ ಕೊಟ್ಟಿದ್ದೇನೆ. ಇವತ್ತು ಶಾಲೆಗೆ ಬಸ್ಸಿನಲ್ಲೇ ಹೋದೆವು. ಕಿಟಕಿ ಪಕ್ಕ ಕೂತ ಪುಟ್ಟಿ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟು, ಇನ್ನೊಂದನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದಳು. ಅದನ್ನು ನೋಡಲಾಗದೆ ನಾನು ಆಚೆ ತಿರುಗಿ ಕೂತೆ.

ನಿನ್ನಮ್ಮ ಆಶೀರ್ವಾದ ತಿಳಿಸಿದ್ದಾಳೆ. ಮಾಡಿದ್ದು ಮಾಡಿ ಆಶೀರ್ವಾದ ಮಾಡಲು ಸಂಕೋಚ, ಆದರೂ ತಂದೆಯಲ್ಲವೇ, ಚೆನ್ನಾಗಿರು ಕಂದಾ.

ನಿನ್ನ
ಅಪ್ಪ

ಮರೆತೆ ಎಂದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಮೆಟ್ಟಿಲಿನ ಕಥೆ ನಾನು ಹೇಳಿಕೊಟ್ಟದ್ದಲ್ಲ. ಆಸ್ಪತ್ರೆಯಿಂದ ಬರುವಾಗ ಅವಳೇ, “ತಾತಾ, ಅಮ್ಮಂಗೆ ಮೆಟ್ಲಲ್ಲಿ ಬಿದ್ದೆ ಅಂತೀನಿ. ಆಗ ನಿನ್ನನ್ನ ಬಯ್ಯಲ್ಲ” ಅಂದಳು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನಿನ್ನೆ ಅವಳು ಫೋನಿನಲ್ಲಿ ಹಾಗೆ ಹೇಳುವಾಗ ಪಕ್ಕದಲ್ಲೇ ಕೂತು, ಸದ್ಯ ಬಚಾವಾದೆ ಎಂದು ಉಸಿರು ಬಿಟ್ಟೆ. ಅವಳನ್ನು ಬಯ್ಯಬೇಡ. ಕಾಗದ ಸಿಕ್ಕ ದಿನ ಫೋನು ಮಾಡಿ, ಸ್ಪೀಕರ್ ಹಾಕಿಸಿ, ಕೈಗೆ ಏನಾಯಿತೆಂದು ನನ್ನನ್ನು ಕೇಳು. ಅವಳ ಎದುರಿಗೇ ಹೇಳುತ್ತೇನೆ.