‘ಅವನು ಕೂಗಲೇ ಇಲ್ಲ’ ಎಂದವನಿಗೆ

ಮೌಂಟ್ ಆಲ್ಬರ್ಟ್, ಆಕ್ಲೆಂಡ್
ಆಗಸ್ಟ್ 2014

ಸೈಲಸ್ ಪಿಲ್ಚರ್,

ಸತ್ತು ನೂರು ವರ್ಷ ದಾಟಿದ ಹಿರಿಯರನ್ನು ಬಹುವಚನದಲ್ಲೇ ಕರೆಯಬೇಕೆಂದು ನನಗೆ ಮನೆಯಲ್ಲಿ ಕಲಿಸಿದ್ದಾರೆ. ನಿನಗೆ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ನೀನು ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್ ಆಗಿದ್ದೆಯಂತೆ. ನಾನು ವಾಸಂತಿ, ಮೈಸೂರಿನವಳು, ಇಲ್ಲಿಗೆ ಬಂದು ಎರಡು ವರ್ಷವಾಯಿತು. ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ವಾರಕ್ಕೆರಡು ದಿನ ಸಂಬಳವಿಲ್ಲದೆ ಕೂತು, ಹಳೇ ಕೈಬರಹದ ಕಾಗದಗಳನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಈ ತಿಂಗಳು ನನ್ನ ಪಾಲಿಗೆ ಬಂದದ್ದು 1864ರ ಒಂದು ವಿಚಾರಣೆಯ ಕಡತ, ನಿನ್ನದು.

ಈ ತೀರ ನಿನಗೆ ಗೊತ್ತೇ ಇರಲಿಲ್ಲ. ಸಿಡ್ನಿಯಿಂದ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಈ ಬಂದರಿನ ಬಾಯನ್ನು ದಾಟಿದ್ದು ಎರಡೇ ಸಲ, ಅದೂ ಬೇರೆಯವರ ಹಡಗಿನಲ್ಲಿ ಪ್ರಯಾಣಿಕನಾಗಿ. ನಿನ್ನ ಭಾವ ಬಂದರಿನ ಕಚೇರಿಯಲ್ಲಿದ್ದ, ಕೆಲಸ ಸಿಕ್ಕಿತು. ಇದನ್ನೆಲ್ಲ ನೀನೇ ಒಪ್ಪಿಕೊಂಡಿದ್ದೀಯ, ಒಂದಿಷ್ಟೂ ನಾಚಿಕೆಯಿಲ್ಲದೆ. ‘ಹೆಸ್ಟರ್ ಮೇ’ ಎಂಬ ಹಾಯಿಹಡಗು ಬಂದಾಗ ನೀನು ಏಣಿ ಹತ್ತಿ ಮೇಲೆ ಹೋಗಿ, ಕ್ಯಾಪ್ಟನ್ನನ್ನು ಪಕ್ಕಕ್ಕೆ ಸರಿಸಿ, “ಇನ್ನು ನಾನು ನೋಡಿಕೊಳ್ಳುತ್ತೇನೆ” ಎಂದೆ.

ಹಡಗಿನ ಮುಂಭಾಗದಲ್ಲಿ ಒಬ್ಬ ಖಲಾಸಿ ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು ಆಳ ನೋಡುತ್ತಿದ್ದ. ಅವನ ಹೆಸರು ಕಡತದಲ್ಲಿಲ್ಲ. ಲಸ್ಕರ್ ಎಂದಷ್ಟೇ ಇದೆ, ಅಂದರೆ ನಮ್ಮ ದೇಶದ ಕಡೆಯ ನಾವಿಕ. ನಮ್ಮೂರಿನವನೇ ಇರಬೇಕು ಎಂದು ನಾನೇನೂ ಕಥೆ ಕಟ್ಟುವುದಿಲ್ಲ. ಹೂವಾಡಗಿತ್ತಿ ಎರಡೂ ಕೈ ಚಾಚಿ ಅಳೆಯುತ್ತಾಳಲ್ಲ, ಆ ಮಾರಿನ ಲೆಕ್ಕದಲ್ಲೇ ಅವನು ಕೂಗಿದ. ಐದು ಮಾರು. ಸ್ವಲ್ಪ ಹೊತ್ತಿಗೆ ನಾಲ್ಕು. ಆಮೇಲೆ ಮೂರು. ನೀನು ತಿರುಗಿಯೂ ನೋಡದೆ, “ಬಾಯಿ ಮುಚ್ಕೊಂಡಿರು, ನಂಗೊತ್ತು” ಎಂದೆ. ಅವನು ಹಗ್ಗ ಸುತ್ತಿಟ್ಟು ಸುಮ್ಮನೆ ಕೂತ. ಹಡಗು ಮರಳದಿಬ್ಬಕ್ಕೆ ಬಡಿದು ಮಗುಚಿತು. ಮೂವತ್ತೊಂದು ಜನ ಮುಳುಗಿದರು. ಮೊದಲನೇ ದೋಣಿಯಲ್ಲಿ ದಡ ಸೇರಿದವನು ನೀನು.

ವಿಚಾರಣೆಯಲ್ಲಿ ನೀನು ಹೇಳಿದ್ದು ಒಂದೇ ಸಾಲು: “ಅವನು ಕೂಗಲೇ ಇಲ್ಲ.” ಮೂರು ಸಲ ಕೂಗಿದ, ನೀನು ಗದರಿಸಿದೆ, ಎರಡನ್ನೂ ತಾನೇ ಕೇಳಿಸಿಕೊಂಡೆ ಎಂದು ಹಡಗಿನ ಅಡುಗೆಯವನು ಸಾಕ್ಷಿ ಹೇಳಿದ. ಅಡುಗೆಯವನ ಮಾತು ಯಾರಿಗೆ ಬೇಕು? ಖಲಾಸಿಗೆ ಆರು ತಿಂಗಳು ಜೈಲು, ನಿನಗೆ ಒಂದು ಎಚ್ಚರಿಕೆ. ಅದನ್ನು ಟೈಪ್ ಮಾಡುವಾಗ ನನ್ನ ಮೈ ಉರಿದುಹೋಯಿತು.

ಇಷ್ಟು ಹಳೇ ಹೆಣವನ್ನು ಎಬ್ಬಿಸಿ ಬೈಯುವುದು ಯಾಕೆ ಅಂತೀಯಾ? ನನ್ನ ಗಂಡ ಅನಂತ್ ಪೆನ್‌ರೋಸಿನ ಒಂದು ಗೋದಾಮಿನಲ್ಲಿ ಎಂಜಿನಿಯರ್. ಸಾಮಾನು ಪೇರಿಸುವ ಕಬ್ಬಿಣದ ರ‍್ಯಾಕು ಇಷ್ಟು ಭಾರ ತಡೆಯುವುದಿಲ್ಲ ಎಂದು ಮ್ಯಾನೇಜರಿಗೆ ಮೂರು ಸಲ ಹೇಳಿದರು. ಅವನೂ ನಿನ್ನ ಪೈಕಿಯೇ. ಬೇರೆ ಕಂಪನಿಯಿಂದ ಬಂದು ಎರಡು ತಿಂಗಳಾಗಿತ್ತು, ಆಗಲೇ ಎಲ್ಲ ಗೊತ್ತಿತ್ತು. ಜುಲೈನಲ್ಲಿ ರ‍್ಯಾಕು ಕುಸಿದು, ಫೋರ್ಕ್‌ಲಿಫ್ಟ್ ಓಡಿಸುವ ಸಿಯೋನೆಯ ಎರಡೂ ಕಾಲು ಅದರಡಿ ಸಿಕ್ಕಿದವು. ಅನಂತ್ ತನಗೆ ಏನೂ ಹೇಳಲೇ ಇಲ್ಲ ಎಂದು ಮ್ಯಾನೇಜರ್ ಬರೆದುಕೊಟ್ಟ. ‘ನಾನು ಎಚ್ಚರಿಸಲಿಲ್ಲ’ ಎಂದು ಕಂಪನಿಯವರು ಬರೆಸಿಟ್ಟ ಕಾಗದಕ್ಕೆ ಅನಂತ್ ಶುಕ್ರವಾರದೊಳಗೆ ಸಹಿ ಹಾಕಬೇಕು. ಹಾಕಿದರೆ ಕೆಲಸ ಉಳಿಯುತ್ತದೆ. ಸಿಯೋನೆಯ ಕಾಲು ಹೋದದ್ದು ತನ್ನಿಂದಲೇ ಎಂದು ಒಪ್ಪಿಕೊಂಡ ಹಾಗೂ ಆಗುತ್ತದೆ.

ಮೂರು ಸಲವೂ ಬಾಯಲ್ಲೇ ಹೇಳಿದ್ದು, ಒಂದು ಈಮೇಲೂ ಇಲ್ಲ. ಯಾಕಿಲ್ಲ ಎನ್ನುವುದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ಜೂನಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅನಂತ್, “ಬರ್ದು ಕಳಿಸ್ಬಿಡ್ಲಾ?” ಎಂದರು. ಸಾರು ಬಡಿಸುತ್ತಾ ನಾನೇ ಅಂದೆ: “ಬೇಡ ಕಣ್ರೀ. ಬರ್ದು ಕೊಟ್ರೆ ಕಂಪ್ಲೇಂಟ್ ಮಾಡ್ದಂಗಾಗುತ್ತೆ. ಮೇಲಿನವ್ರ ಹತ್ರ ನಿಷ್ಠುರ ಯಾಕೆ? ಹೇಳಿದೀರಲ್ಲ, ಸಾಕು.” ದೊಡ್ಡವರಿಗೆ ಮೆತ್ತಗೆ ಹೇಳಿ ನೋಡುವುದು, ಕೇಳದಿದ್ದರೆ ಸುಮ್ಮನಾಗುವುದು, ಇದನ್ನೇ ನಮ್ಮ ಮನೆಗಳಲ್ಲಿ ಒಳ್ಳೆಯ ನಡತೆ ಎಂದು ಕಲಿಸುತ್ತಾರೆ. ಆ ಖಲಾಸಿ ಹಗ್ಗ ಸುತ್ತಿಟ್ಟು ಕೂತನಲ್ಲ, ಅವನ ಮೇಲೂ ನನಗೆ ಸಿಟ್ಟಿದೆ. ಇನ್ನೊಂದು ಸಲ ಕೂಗಬಾರದಿತ್ತೇ? ನನ್ನ ಮೇಲಿರುವ ಸಿಟ್ಟಂತೂ ಹೇಳತೀರದು.

ನಿನ್ನೆ ಮಧ್ಯಾಹ್ನ ನಿನ್ನ ಕಡತದ ಪ್ರತಿಯನ್ನು ಮನೆಗೆ ತಂದು ಅನಂತ್‌ಗೆ ಓದಿ ಹೇಳಿದೆ. ಅವರು ಸಹಿ ಹಾಕಲೆಂದು ಪೆನ್ನು ತೆಗೆದಿಟ್ಟುಕೊಂಡಿದ್ದರು. ಪೂರ್ತಿ ಕೇಳಿ, “ಜೈಲಿಂದ ಬಂದ್ಮೇಲೆ ಅವ್ನೇನಾದ?” ಎಂದರು. ಗೊತ್ತಿಲ್ಲ ಎಂದೆ. ಅವನ ಸುದ್ದಿ ಆಮೇಲೆ ಎಲ್ಲೂ ಇಲ್ಲ. ನಿನ್ನದಿದೆ, ಇನ್ನೂ ಹನ್ನೊಂದು ವರ್ಷ ಅದೇ ಕೆಲಸದಲ್ಲಿದ್ದೆ. ಅನಂತ್ ಎದ್ದು ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟರು. ಇಷ್ಟು ದಿನ ಸಿಯೋನೆಗೆ ಮುಖ ತೋರಿಸಲಾರದೆ ಒದ್ದಾಡಿದ್ದ ಮನುಷ್ಯ. ನಾನೂ ಜೊತೆಗೆ ಹೋದೆ. ಸಿಯೋನೆ ಮಲಗಿದಲ್ಲಿಂದಲೇ ಅವರ ಕೈ ಹಿಡಿದುಕೊಂಡ. “ನೀನು ಮ್ಯಾನೇಜರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ ಬ್ರೋ, ಆದರೆ ಯಾರೂ ಬಂದು ನನ್ನನ್ನು ಕೇಳಲಿಲ್ಲ, ನೀನೂ ಬರಲಿಲ್ಲ” ಎಂದ. ಅನಂತ್ ಅಲ್ಲೇ ನಿಂತು ಅತ್ತರು.

ಇವತ್ತು ಬೆಳಿಗ್ಗೆ ನಡೆದದ್ದನ್ನೆಲ್ಲ ತಾರೀಖಿನ ಸಮೇತ ಬರೆದರು, ಕಂಪನಿಯ ಮೇಲಿನವರಿಗೂ, ಅಪಘಾತದ ತನಿಖೆ ಮಾಡುವ ಸರ್ಕಾರದವರಿಗೂ. ಬರೆದು ಮುಗಿಸಿ ಕೈ ಕಟ್ಟಿ ಕೂತರು. “ಕೆಲ್ಸ ಹೋಗುತ್ತೆ ವಾಸಂತಿ. ವೀಸಾನೂ ಹೋಗ್ಬಹುದು. ಕಳಿಸ್ಲಾ?”

ಅವರ ಭುಜದ ಮೇಲಿಂದ ಕೈ ಚಾಚಿ ನಾನೇ ಕಳಿಸಿದೆ.

ನಿನ್ನ ಆತ್ಮಕ್ಕೆ ಶಾಂತಿ ಕೋರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀನು ಎಲ್ಲಿದ್ದೀಯೋ ಅಲ್ಲಿ ಯಾರೂ ನಿನ್ನ ಕೈಗೆ ಹಡಗು ಕೊಡದಿರಲಿ.

ನಿನ್ನನ್ನು ಕ್ಷಮಿಸದ,
ವಾಸಂತಿ