ಅಪ್ಪನ ರಕ್ತದಲ್ಲಿ ನನ್ನ ಪಾಲು

ಸಂತೇಬೆನ್ನೂರು
೧೨ ನವೆಂಬರ್ ೨೦೨೫

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಾಗಪುರದಲ್ಲಿ ಚಳಿ ಶುರುವಾಗಿರಬೇಕು, ಸ್ವೆಟರ್ ಹಾಕದೆ ಅಡಿಕೆ ಅಂಗಡಿಗೆ ಹೋಗಬೇಡ. ಆಪರೇಷನ್ ಆದ ಪಕ್ಕೆ ಈಗಲೂ ನೋಯುತ್ತದೆಯೇ? ಅತ್ತಿಗೆ ಹುಷಾರಾಗಿದ್ದಾರೆಯೇ? ಇಷ್ಟು ಕೇಳದೆ ಕಾಗದ ಶುರುಮಾಡುವುದನ್ನು ಅವ್ವ ಕಲಿಸಲಿಲ್ಲ, ಅದಕ್ಕೇ ಕೇಳಿದೆ. ಫೋನಿನಲ್ಲಾದರೆ ನಾನು ಅಳುತ್ತೇನೆ, ನೀನು ಸಮಾಧಾನ ಮಾಡುತ್ತೀಯ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷ ನಿನಗೆ ಕಿಡ್ನಿಯಲ್ಲಿ ಕಲ್ಲು ಎಂದಾಗ ಕರಗಲೆಂದು ಅಡಿಕೆ ಲಾರಿಯಲ್ಲಿ ಹುರಳಿ ಕಳಿಸಿದವಳು ನಾನು. ಈ ಯುಗಾದಿ ಕಳೆದ ಮೇಲೆ ನನಗೂ ಮೂತ್ರದಲ್ಲಿ ರಕ್ತ ಕಂಡಿತು. ಹೆದರಲಿಲ್ಲ. ಅಣ್ಣನಿಗೆ ಕಲ್ಲಾಗಿತ್ತು, ನನಗೂ ಕಲ್ಲೇ ಎಂದುಕೊಂಡು ದೀಪಾವಳಿಯವರೆಗೂ ಬಾಳೆದಿಂಡಿನ ರಸ ಕುಡಿದೆ. ಎಂಥ ಬುದ್ಧಿಗೇಡಿ ನಾನು! ಕೊನೆಗೆ ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿದರೆ ಎಡಗಡೆ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ. ಮೊದಲೇ ಬಂದಿದ್ದರೆ ಗಡ್ಡೆಯಷ್ಟನ್ನೇ ತೆಗೆಯಬಹುದಿತ್ತಂತೆ, ಈಗ ಇಡೀ ಕಿಡ್ನಿಯೇ ಹೋಗಬೇಕು.

ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ, ಅಣ್ಣನಿಗೆ ಬರೀ ಕಲ್ಲು ಎಂದೆ. ಜೊತೆಗಿರಲೆಂದು ಜಗಳೂರಿನಿಂದ ಬಂದಿದ್ದ ನಮ್ಮ ತಮ್ಮ ಕಲ್ಲೇಶನ ಹೆಂಡತಿ ರುದ್ರಾಣಿ ಅಲ್ಲೇ ಅತ್ತುಬಿಟ್ಟಳು. “ಅಕ್ಕಾ, ಭಾವಂದು ಕಲ್ಲಲ್ಲ ಕಣ್ರೀ, ಇದೇ ಗಡ್ಡೆ. ವಂಶದಾಗೆ ಬರೋ ಕಾಯಿಲೆ ಐತೆ ಅಂತ ನಮ್ಮನೆಯವರಿಗೂ, ಭಾವನ ಮಗನಿಗೂ ಟೆಸ್ಟ್ ಮಾಡಿಸ್ಯಾರೆ. ನಿಮಗೂ ಹೇಳಾಣ ಅಂದ್ರೆ, ಪ್ರೇಮಾ ಕೊಟ್ಟ ಹೆಣ್ಣು, ಅವಳ ವಂಶ ಬೇರೆ ಆತು, ಸುಮ್ನಿರಿ ಅಂದ್ರು ಭಾವ.”

ಅಯ್ಯೋ ಅಣ್ಣಾ, ನಂಬಿಸಿ ಕುತ್ತಿಗೆ ಕೊಯ್ದೆಯಲ್ಲೋ! ಅಪ್ಪ ಮೂತ್ರದಲ್ಲಿ ರಕ್ತ ಹೋಗಿ ಹೋಗಿ ಸತ್ತದ್ದು ಇದರಿಂದಲೇ ಇರಬೇಕಂತೆ. ಕೆಟ್ಟ ಜೀನು ತಂದೆಯಿಂದ ಬರುವಾಗ ಗಂಡು, ಹೆಣ್ಣು ನೋಡುವುದಿಲ್ಲ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಿಗೆಲ್ಲ ಕ್ಯಾನ್ಸರ್ ಆಗಲೇಬೇಕೆಂದಿಲ್ಲ, ಆದರೆ ಗೊತ್ತಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿ ಗಡ್ಡೆ ಚಿಕ್ಕದಿರುವಾಗಲೇ ಹಿಡಿಯಬಹುದು. ಒಡಹುಟ್ಟಿದವರಿಗೆಲ್ಲ ತಿಳಿಸಿ ಎಂದು ಅಲ್ಲಿನ ಡಾಕ್ಟರು ನಿನಗೂ ಹೇಳಿರುತ್ತಾರೆ. ನೀನು ಕಲ್ಲೇಶನಿಗೆ ಹೇಳಿ ಸುಮ್ಮನಾದೆ. ಸೂಳೆಕೆರೆ ಕಾಲುವೆಯ ಗದ್ದೆ ನಿಮ್ಮಿಬ್ಬರ ಹೆಸರಿಗೆ ಆಗಬೇಕಾದಾಗ ಮಾತ್ರ ನನ್ನನ್ನು ಚನ್ನಗಿರಿಯ ಆಫೀಸಿಗೆ ಕರೆದುಕೊಂಡು ಹೋಗಿ, “ನೀನೂ ಅಪ್ಪನ ಮಗಳಲ್ಲೇನೇ, ನಿನ್ನ ಸಹಿ ಇಲ್ದೆ ಹೆಂಗಾಗ್ತೈತೆ?” ಅಂದಿದ್ದೆ. ಕಣ್ಣುಮುಚ್ಚಿ ಸಹಿ ಹಾಕಿ ಪಾಲು ಬಿಟ್ಟುಕೊಟ್ಟೆ. ಅಪ್ಪನ ರಕ್ತದಲ್ಲಿ ಬಂದ ಪಾಲನ್ನು ಯಾವ ಆಫೀಸಿನಲ್ಲಿ ಬಿಟ್ಟುಕೊಡಲಿ, ಹೇಳು? ನನ್ನ ಆಪರೇಷನ್ ಮುಂದಿನ ಗುರುವಾರ. ಕಲ್ಲೇಶ ಇನ್ನೂ ಮುಖ ತೋರಿಸಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ನಿನಗೆ ನಮಸ್ಕಾರ ಬರೆಯಲು ಇವತ್ತು ಕೈ ಏಳುತ್ತಿಲ್ಲ. ಆದರೂ ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಪ್ರೇಮಲತಾ

ತಾ.ಕ.: ನ್ಯಾಮತಿಗೆ ಕೊಟ್ಟಿರುವ ನಿನ್ನ ಮಗಳು ಸಂಧ್ಯಾರಾಣಿಗಾದರೂ ಹೇಳಿರುತ್ತೀಯ ಎಂದು ಈಗಷ್ಟೇ ಫೋನ್ ಮಾಡಿದೆ. “ಅಪ್ಪನ ಕಲ್ಲು ತೆಗೆದ್ರಲ್ಲ ಅತ್ತೆ, ಮತ್ತೆ ಬಂತಾ?” ಅಂದಳು. ಎಲ್ಲ ಹೇಳಿಬಿಟ್ಟೆ. ಸೋಮವಾರ ನಾನೇ ಟೆಸ್ಟಿಗೆ ಕರೆದುಕೊಂಡು ಹೋಗುತ್ತೇನೆ. ಫೋನ್ ಇಡುವ ಮೊದಲು, “ತಮ್ಮಂಗೆ ಮಾಡಿಸ್ಯಾರಾ ಅತ್ತೆ?” ಅಂತ ಕೇಳಿದಳು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ನೀನೇ ಹೇಳು.